ರೈಲು ಮೇಲೆ, ಬದುಕು ಕೆಳಗೆ

ಹೊಳೆ ದಾಟಲು ಕಟ್ಟಿದ್ದು ಸೇತುವೆ. ಹೊಳೆಯೇ ಇಲ್ಲದ ಕಡೆ, ಒಣನೆಲದ ಮೇಲೆ, ಕಂಬದಿಂದ ಕಂಬಕ್ಕೆ ಅಥವಾ ಕಮಾನಿನಿಂದ ಕಮಾನಿಗೆ ದಾರಿಯನ್ನೇ ಎತ್ತಿ ಒಯ್ಯುವ ಕಟ್ಟಡಕ್ಕೆ ಇಂಗ್ಲಿಷಿನಲ್ಲಿ ‘ವಯಡಕ್ಟ್’ ಎಂಬ ಬೇರೆ ಹೆಸರೇ ಇದೆ. ನೀರು ಒಯ್ಯುವ ರೋಮನ್ನರ ‘ಅಕ್ವಡಕ್ಟ್’ ಮಾದರಿಯಲ್ಲಿ ಹುಟ್ಟಿದ ಪದ ಅದು. ಲ್ಯಾಟಿನ್ನಿನಲ್ಲಿ ‘ವಿಯ’ ಎಂದರೆ ದಾರಿ. ಬೆಂಗಳೂರಿನ ಮೆಟ್ರೊ ರೈಲು ಬಹುಪಾಲು ಓಡುವುದು ಇಂಥದರ ಮೇಲೆಯೇ. ಕನ್ನಡದಲ್ಲಿ ಇದಕ್ಕೆ ನೆಲೆಗೊಂಡ ಹೆಸರಿಲ್ಲ. ಸೇತುವೆ, ಮೇಲ್ಸೇತುವೆ, ಫ್ಲೈಓವರ್ ಎಲ್ಲವೂ ಬಳಕೆಯಲ್ಲಿವೆ.

ರೈಲನ್ನು ಊರಿನ ತಲೆಯ ಮೇಲೆ ಓಡಿಸುವ ಈ ಉಪಾಯ ಹಳೆಯದು. 1836ರ ಫೆಬ್ರುವರಿ 8ರಂದು ಲಂಡನ್ನಿನ ಮೊಟ್ಟಮೊದಲ ರೈಲು ಸ್ಪಾ ರೋಡಿನಿಂದ ಡೆಟ್‌ಫರ್ಡ್‌ವರೆಗೆ ಓಡಿತು. ಅದೇ ಡಿಸೆಂಬರಿನಲ್ಲಿ ಹಳಿ ಲಂಡನ್ ಬ್ರಿಜ್ ತಲುಪಿತು, 1838ರ ಕೊನೆಗೆ ಗ್ರೀನಿಚ್ ಮುಟ್ಟಿತು. ನೆಲದ ಮೇಲೆ ಹಳಿ ಹಾಕಿದ್ದರೆ ದಾರಿಯುದ್ದಕ್ಕೂ ಬೀದಿಬೀದಿಗೆ ರೈಲ್ವೆ ಗೇಟು ಇಡಬೇಕಾಗುತ್ತಿತ್ತು. ಅದನ್ನು ತಪ್ಪಿಸಲು ಸೇನೆಯ ನಿವೃತ್ತ ಎಂಜಿನಿಯರ್ ಜಾರ್ಜ್ ಲ್ಯಾಂಡ್‌ಮನ್ ಇಡೀ ರೈಲುದಾರಿಯನ್ನೇ ಇಟ್ಟಿಗೆ ಕಮಾನುಗಳ ಮೇಲೆ ಹೊರಿಸಿದ. ಒಟ್ಟು 878 ಕಮಾನುಗಳು! ಸುಮಾರು ಆರು ಕೋಟಿ ಇಟ್ಟಿಗೆಗಳು ಇದಕ್ಕೆ ಹಿಡಿದವೆಂಬ ಲೆಕ್ಕವಿದೆ.

ಇಷ್ಟು ಹಣ ಸುರಿದ ಕಂಪನಿಗೆ ಲಾಭದ ಇನ್ನೊಂದು ದಾರಿಯೂ ಕಂಡಿತ್ತು. ಪ್ರತಿ ಕಮಾನಿನ ಕೆಳಗೂ ಖಾಲಿ ಜಾಗ. ಮುಂದೊಂದು ಗೋಡೆ, ಹಿಂದೊಂದು ಗೋಡೆ ಕಟ್ಟಿದರೆ ಮನೆ ಸಿದ್ಧ. ಟಿಕೆಟ್ಟಿನ ಹಣ ಮೇಲಿನಿಂದ, ಬಾಡಿಗೆ ಕೆಳಗಿನಿಂದ. ಡೆಟ್‌ಫರ್ಡ್ ಬಳಿ ಎರಡು ಮಾದರಿ ಮನೆಗಳನ್ನು ಕಟ್ಟಿಯೂ ಬಿಟ್ಟರು. ಕಮಾನುಸಾಲಿನ ಪಕ್ಕದಲ್ಲಿ ಕಾಸು ಕೊಟ್ಟು ನಡೆಯುವ ಕಾಲುದಾರಿಯನ್ನೂ ಮಾಡಿದರು.

ಆದರೆ ಆದದ್ದೇ ಬೇರೆ. ಹಳಿಗಳ ನಡುವೆ ಬಿದ್ದ ಮಳೆನೀರು ಇಳಿದಿಳಿದು ಎರಡು ಕಮಾನುಗಳು ಕೂಡುವ ತಗ್ಗಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಗಾರೆಯ ಸಂದಿಯಲ್ಲಿ ನುಸುಳಿ ಒಳಗೆ ತೊಟ್ಟಿಕ್ಕುತ್ತದೆ. ಕಮಾನಿನ ಸ್ವಭಾವವೇ ಇದು. ಇಟ್ಟಿಗೆಗಳು ಒಂದನ್ನೊಂದು ಒತ್ತಿ ಹಿಡಿದು ಎಷ್ಟು ಭಾರವನ್ನಾದರೂ ಹೊತ್ತಾವು, ನೀರನ್ನು ತಡೆಯಲಾರವು. ಸಾಲದ್ದಕ್ಕೆ ಮೊದಲು ಹಳಿಗಳನ್ನು ಕಲ್ಲಿನ ದಿಮ್ಮಿಗಳ ಮೇಲೆ ಕೂರಿಸಿದ್ದರಿಂದ ಸದ್ದೂ ನಡುಕವೂ ವಿಪರೀತ. ಕಲ್ಲು ತೆಗೆದು ಮರದ ಸ್ಲೀಪರ್ ಹಾಕಿದ ಮೇಲೂ ತಲೆಯ ಮೇಲೆ ರೈಲು ಹೋಗುವ ಮನೆಯಲ್ಲಿ ಸಂಸಾರ ಹೂಡಲು ಯಾರು ಬಂದಾರು? ಮನೆಗಳ ಯೋಜನೆ ಅಲ್ಲಿಗೇ ನಿಂತಿತು.

ಸಂಸಾರಕ್ಕೆ ಒಗ್ಗದ ಜಾಗ ಕಸುಬಿಗೆ ಒಗ್ಗಿತು. ಕುದುರೆ ಲಾಯ, ಗೋದಾಮು, ಬಡಗಿಯ ಕೊಟ್ಟಿಗೆ, ಮುಂದೆ ಮೋಟಾರು ಬಂದಾಗ ಗ್ಯಾರೇಜು. ಲಂಡನ್ನಿನ ಕಪ್ಪು ಟ್ಯಾಕ್ಸಿಗಳು ರಿಪೇರಿಗೆ ಬರುವುದು ಇಂದಿಗೂ ಇಂಥ ಕಮಾನುಗಳಿಗೆ. ಸೋರುವ ಸೂರಿನ ಕೆಳಗೆ ಅಲೆಅಲೆಯಾದ ತಗಡನ್ನು ಬಗ್ಗಿಸಿ ಹೊಡೆದು, ನೀರು ಪಕ್ಕಕ್ಕೆ ಹರಿಯುವಂತೆ ಮಾಡಿಕೊಂಡರೆ ಆಯಿತು. ಗದ್ದಲಕ್ಕೆ ದೂರುವವರಿಲ್ಲ, ಏಕೆಂದರೆ ರೈಲಿಗಿಂತ ಹೆಚ್ಚಿನ ಗದ್ದಲವನ್ನು ಯಾವ ಸುತ್ತಿಗೆಯೂ ಮಾಡಲಾರದು. ಎಲ್ಲಕ್ಕಿಂತ ಮುಖ್ಯವಾಗಿ, ಈ ಕುಂದುಗಳಿಂದಲೇ ಬಾಡಿಗೆ ಕಡಿಮೆಯಿತ್ತು. ಪಕ್ಕದ ಜಮೀನು ಚಿನ್ನದ ಬೆಲೆಗೆ ಏರಿದಾಗಲೂ ಊರಿನ ನಡುವೆ ಸಣ್ಣ ಕಸುಬುದಾರ ಉಳಿದದ್ದು ಹೀಗೆ.

ಮೇಲಿನ ಕಥೆ ಅಷ್ಟು ಸುಖಕರವಲ್ಲ. ಬೇರೆ ಬೇರೆ ಕಂಪನಿಗಳ ರೈಲುಗಳು ಇದೇ ದಾರಿ ಹಿಡಿದಂತೆ ಹಳಿಗಳು ಹೆಚ್ಚಿದವು, ಕಮಾನುಸಾಲು ಅಗಲವಾಗುತ್ತಲೇ ಹೋಯಿತು. ಮೊದಲು ನಾಲ್ಕು ಹೆಜ್ಜೆಯಲ್ಲಿ ದಾಟಬಹುದಾಗಿದ್ದ ಅಡ್ಡಬೀದಿ ಕತ್ತಲೆಯ ಸುರಂಗವಾಯಿತು. ಬರ್ಮಂಡ್ಸೆಯ ಬಡ ಕೇರಿಗಳ ನಡುವೆ ಇಟ್ಟಿಗೆಯ ಕೋಟೆಗೋಡೆ ಎದ್ದಂತಾಯಿತು. 1872ರಲ್ಲಿ ಫ್ರೆಂಚ್ ಕಲಾವಿದ ಗುಸ್ತಾವ್ ದೊರೆ ಬಿಡಿಸಿದ ಲಂಡನ್ನಿನ ಚಿತ್ರಗಳಲ್ಲೊಂದು ಬಹಳ ಪ್ರಸಿದ್ಧ: ಕಮಾನಿನ ಕೆಳಗಿನಿಂದ ಕಾಣುವ, ಒತ್ತೊತ್ತಾದ ಮನೆಗಳ ಹಿತ್ತಿಲ ಸಾಲು, ದೂರದಲ್ಲಿ ಹೊಗೆಯುಗುಳುತ್ತ ಸಾಗುವ ರೈಲು. ಮೇಲೆ ಕುಳಿತವನಿಗೆ ಬಡವರ ಹಿತ್ತಿಲು ಬಯಲಾಟದಂತೆ ಕಂಡರೆ, ಹಿತ್ತಿಲಿನವರಿಗೆ ಸಿಕ್ಕಿದ್ದು ಹೊಗೆ ಮಾತ್ರ.

ಎರಡನೇ ಮಹಾಯುದ್ಧದಲ್ಲಿ ಈ ಕಮಾನುಗಳೇ ಆಸರೆಯಾದವು. ಜರ್ಮನ್ ವಿಮಾನಗಳು ರಾತ್ರಿ ಬಾಂಬು ಹಾಕುವಾಗ ಸುತ್ತಲಿನ ಜನ ಹಾಸಿಗೆ ಹೊತ್ತು ಇಲ್ಲಿಗೆ ಬಂದರು. ಅಷ್ಟು ದಪ್ಪದ ಇಟ್ಟಿಗೆಯನ್ನು ಕಂಡವರಿಗೆ ನಂಬಿಕೆ ಬಾರದಿರುವುದು ಹೇಗೆ? 1940ರ ಅಕ್ಟೋಬರ್ 25ರಂದು ಡ್ರೂಯಿಡ್ ಸ್ಟ್ರೀಟಿನ ಕಮಾನನ್ನು ಬಾಂಬು ಸೀಳಿತು. ಸತ್ತವರು 77 ಮಂದಿ. ನಾಲ್ಕು ತಿಂಗಳೂ ಕಳೆಯಲಿಲ್ಲ, 1941ರ ಫೆಬ್ರುವರಿ 17ರಂದು ಲಂಡನ್ ಬ್ರಿಜ್ ನಿಲ್ದಾಣದಡಿಯ ಸ್ಟೇನರ್ ಸ್ಟ್ರೀಟಿನ ಆಶ್ರಯತಾಣದಲ್ಲಿ 68 ಮಂದಿ ಸತ್ತರು. ರೈಲುದಾರಿಯೇ ವಿಮಾನಗಳ ಗುರಿಯಾಗಿದ್ದಾಗ ಅದರ ಕೆಳಗೆ ಅಡಗುವುದು ಅಪಾಯವೇ ಸರಿ; ಆದರೆ ನೆಲಮಾಳಿಗೆಯಿಲ್ಲದ ಬಡವರಿಗೆ ಬೇರೆ ಜಾಗ ಎಲ್ಲಿತ್ತು? ಈಗ ಸ್ಟೇನರ್ ಸ್ಟ್ರೀಟ್ ಹೊಸದಾಗಿ ಕಟ್ಟಿದ ನಿಲ್ದಾಣದ ಭಾಗ, ಪ್ರಯಾಣಿಕರು ಓಡಾಡುವ ಹಾದಿ.

ಕಮಾನುಗಳಿಗೆ ಶುಕ್ರದೆಸೆ ಬಂದದ್ದು ಇತ್ತೀಚೆಗೆ. ಪ್ಯಾರಿಸ್ಸಿನಲ್ಲಿ 1969ರಲ್ಲಿ ರೈಲು ನಿಂತುಹೋದ ಬಾಸ್ಟಿಲ್ ಮಾರ್ಗದ ಮೇಲೆ ತೊಂಬತ್ತರ ದಶಕದಲ್ಲಿ ತೋಟ ಬೆಳೆಸಿ, ಕೆಳಗಿನ ಕಮಾನುಗಳಿಗೆ ಗಾಜಿನ ಬಾಗಿಲು ಹಾಕಿ ಕುಶಲಕರ್ಮಿಗಳಿಗೆ ಕೊಟ್ಟರು. ಲಂಡನ್ನಿನ ಮಾಲ್ಟ್‌ಬಿ ಸ್ಟ್ರೀಟಿನಲ್ಲಿ 2010ರ ಸುಮಾರಿಗೆ ತಿಂಡಿತೀರ್ಥದ ಸಂತೆ ಹುಟ್ಟಿತು, ಸಣ್ಣ ಬಿಯರ್ ತಯಾರಕರು ಸಾಲುಸಾಲಾಗಿ ಬಂದರು. ತೇವದ ವಾಸನೆಗೆ ಮೂಗು ಮುಚ್ಚುತ್ತಿದ್ದವರೇ ಹಳೆಯ ಇಟ್ಟಿಗೆಯ ಚೆಲುವನ್ನು ಹೊಗಳತೊಡಗಿದರು. ಹೊಗಳಿಕೆಯ ಹಿಂದೆಯೇ ಬಾಡಿಗೆ ಏರುವುದು ಎಲ್ಲ ಊರಿನ ಅನುಭವ.

2019ರಲ್ಲಿ ಬ್ರಿಟನ್ನಿನ ಸರ್ಕಾರಿ ಸಂಸ್ಥೆ ನೆಟ್‌ವರ್ಕ್ ರೈಲ್, ಇಂಗ್ಲೆಂಡ್ ಮತ್ತು ವೇಲ್ಸ್‌ನ ತನ್ನ ಸುಮಾರು 5,200 ಬಾಡಿಗೆ ಆಸ್ತಿಗಳನ್ನು 146 ಕೋಟಿ ಪೌಂಡಿಗೆ ಎರಡು ಖಾಸಗಿ ಹೂಡಿಕೆ ಸಂಸ್ಥೆಗಳ ಕೂಟಕ್ಕೆ 150 ವರ್ಷಗಳ ಗುತ್ತಿಗೆಯ ಮೇಲೆ ಮಾರಿತು. ಅವುಗಳಲ್ಲಿ ಹೆಚ್ಚಿನವು ರೈಲು ಕಮಾನುಗಳು. ರೈಲುದಾರಿಯ ಸುಧಾರಣೆಗೆ ಹಣ ಬೇಕಿತ್ತೆಂಬುದು ಸಂಸ್ಥೆಯ ಸಮಜಾಯಿಷಿ. ಬಾಡಿಗೆದಾರರು ಮಾರಾಟಕ್ಕೆ ಮುಂಚೆಯೇ, 2018ರಲ್ಲಿ, ‘ಗಾರ್ಡಿಯನ್ಸ್ ಆಫ್ ದಿ ಆರ್ಚಸ್’ ಎಂಬ ಸಂಘ ಕಟ್ಟಿಕೊಂಡಿದ್ದರು. ಗ್ಯಾರೇಜಿನವರು, ಬೇಕರಿಯವರು, ಮರಗೆಲಸದವರು ಒಟ್ಟಾಗಿ ಸೇರಿದ್ದ ಆ ಸಂಘದ ಅಳಲು ಸರಳವಾಗಿತ್ತು: ಬಾಡಿಗೆ ಏರಿ ಈ ಕಮಾನು ಬಿಡಬೇಕಾಗಿ ಬಂದರೆ ಊರೊಳಗೆ ತಮಗೆ ಸಿಗುವ ಇನ್ನೊಂದು ಜಾಗ ಯಾವುದು?