ಮುರಕಲ್ಲಿನ ನೆಲಕ್ಕೆ ಧನ್‌ಬಾದಿನ ಮುದ್ರೆ ಸಾಕೇ?

ಬೆಳ್ತಂಗಡಿಗೆ ಗಡಾಯಿಕಲ್ಲು, ಬಂಟ್ವಾಳಕ್ಕೆ ಕಾರಿಂಜ, ಮೂಡುಬಿದಿರೆಗೆ ಕೊಣಾಜೆಕಲ್ಲು. ಮೂರೂ ತಾಲೂಕುಗಳಲ್ಲಿ ದೂರದಿಂದಲೇ ಊರಿನ ಗುರುತು ಹೇಳುವುದು ಕಪ್ಪು ಬಂಡೆ. ಈ ಬಂಡೆಗಳ ನಡುವಿನ ಗುಡ್ಡಗಳ ಮೇಲೆಲ್ಲ ಹಾಸಿಕೊಂಡಿರುವುದು ಕೆಂಪುಕಲ್ಲು, ಹಳಬರ ಬಾಯಲ್ಲಿ ಮುರಕಲ್ಲು. ಮನೆಯ ಗೋಡೆಗೆ ಕೆಂಪುಕಲ್ಲು ಬೇಕು, ಸ್ಲ್ಯಾಬಿಗೂ ರಸ್ತೆಗೂ ಕಪ್ಪುಕಲ್ಲಿನ ಜಲ್ಲಿ ಬೇಕು. ಹಿಂದೆ ಕೈಯಲ್ಲೇ ಕಡಿದು ಕೆತ್ತುತ್ತಿದ್ದ ಕೆಂಪುಕಲ್ಲನ್ನು ಈಗ ಚಕ್ರದ ಗರಗಸವುಳ್ಳ ಕಟ್ಟಿಂಗ್ ಮೆಷಿನ್ ಗೆರೆ ಎಳೆದಂತೆ ಕೊಯ್ಯುತ್ತದೆ. ಕಪ್ಪುಕಲ್ಲಿನ ಕೋರೆಯ ಬಳಿ ಕ್ರಷರ್ ಇರುತ್ತದೆ, ಹೊಂಡದ ನೀರು ಎತ್ತುವ ಪಂಪ್ ಇರುತ್ತದೆ. ಕೆಲವು ಕಡೆ ಮೆಸ್ಕಾಂ ಲೈನಿನ ಕರೆಂಟು, ಕೆಲವು ಕಡೆ ಡೀಸೆಲ್ ಜನರೇಟರಿನದು. ಕೇಬಲ್ ಮಾತ್ರ ಎಲ್ಲ ಕಡೆಯೂ ನೆಲದ ಮೇಲೆಯೇ, ಕಲ್ಲಿನ ಚೂರು, ಕೆಸರು, ಲಾರಿಯ ಚಕ್ರಗಳ ನಡುವೆ ಹಾದುಹೋಗುತ್ತದೆ.

2025ರಲ್ಲಿ ದಕ್ಷಿಣ ಕನ್ನಡದಲ್ಲಿ ಕೆಂಪುಕಲ್ಲಿನ ಅಭಾವ ತಲೆದೋರಿದಾಗ ಹೆಚ್ಚಾಗಿ ಕೇಳಿಬಂದದ್ದು ಪರ್ಮಿಟ್ಟು ಮತ್ತು ರಾಜಧನದ ಮಾತು. ಅವೆರಡೂ ಮುಖ್ಯವೇ. ಆದರೆ ಕೋರೆಯೊಳಗೆ ನಿಂತು ದುಡಿಯುವವರ ಜೀವಕ್ಕೆ ಸಂಬಂಧಿಸಿದ ಇನ್ನೊಂದು ಕಾಗದವಿದೆ: ಈ ವಿದ್ಯುತ್ ಯಂತ್ರ ಇಲ್ಲಿ ಓಡಿಸಲು ಸುರಕ್ಷಿತ ಎಂದು ಯಾರೋ ಪರೀಕ್ಷಿಸಿ ಕೊಟ್ಟ ಅನುಮೋದನೆ. ಆ ಕಾಗದ ಯಾವ ಕಾಲದ್ದು, ಯಾವ ನೆಲವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಎಂದು ಕೇಳಬೇಕಾಗಿದೆ.

ಗಣಿಗೆ ಕರೆಂಟು ಬಂದ ಕಥೆಯಲ್ಲಿ ಕರ್ನಾಟಕಕ್ಕೆ ಮೊದಲ ಪುಟದಲ್ಲೇ ಜಾಗವಿದೆ. 1902ರ ಜೂನ್‌ನಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿ.ಮೀ. ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿ ತಲುಪಿತು. ಅದೇ ವರ್ಷದ ಜನವರಿಯಲ್ಲಿ ಕಲ್ಕತ್ತೆಯಲ್ಲಿ ಗಣಿ ತಪಾಸಣೆಯ ಕಚೇರಿ ತೆರೆದಿತ್ತು. 1908ರಲ್ಲಿ ಅದು ಧನ್‌ಬಾದಿಗೆ ಹೋಯಿತು. ಇಂದಿನ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ ಅದರದೇ ಮುಂದುವರಿಕೆ. ಗಣಿಗಳ ಮಟ್ಟಿಗೆ ವಿದ್ಯುತ್ ಸುರಕ್ಷತೆಯ ಪರಿವೀಕ್ಷಣೆಯೂ ಇವರದೇ ಹೊಣೆ. ಗಣಿಗಳಿಗೆ ಅನ್ವಯಿಸುವ ವಿದ್ಯುತ್ ನಿಯಮಗಳು ಮೊದಲು 1956ರವು, ಬಳಿಕ 2010ರವು, ಈಗ 2023ರವು. 1956ರವುಗಳ ಜಾಗಕ್ಕೆ ಹೊಸವು ಬರಲು 54 ವರ್ಷ ಹಿಡಿಯಿತು ಎನ್ನುವುದನ್ನು ಗಮನಿಸಿ.

ಅನುಮೋದನೆಯ ವಿಜ್ಞಾನ ಹುಟ್ಟಿದ್ದು ಕಲ್ಲಿದ್ದಲ ಗಣಿಯಲ್ಲಿ. ಅಲ್ಲಿ ಕಲ್ಲಿದ್ದಲಿನಿಂದ ಮೀಥೇನ್ ಒಸರುತ್ತದೆ. ಗಾಳಿಯಲ್ಲಿ ಅದು ಶೇ. 5ರಿಂದ 15ರಷ್ಟು ಬೆರೆತರೆ ಒಂದು ಕಿಡಿಗೆ ಸಿಡಿಯುತ್ತದೆ. ಆ ಕಿಡಿಗೆ ಬೇಕಾದ ಶಕ್ತಿ ಒಂದು ಮಿಲಿಜೌಲಿನ ಮೂರನೇ ಒಂದು ಪಾಲಿಗಿಂತಲೂ ಕಡಿಮೆ. 1913ರ ಅಕ್ಟೋಬರ್ 14ರಂದು ವೇಲ್ಸ್‌ನ ಸೆಂಗೆನಿದ್ ಗಣಿ ಸಿಡಿದು 439 ಮಂದಿ ಕಾರ್ಮಿಕರು ಸತ್ತರು. ಕಿಡಿ ಹಾರಿದ್ದು ಸಂಕೇತ ಕೊಡುವ ಒಂದು ವಿದ್ಯುತ್ ಗಂಟೆಯಿಂದ ಇರಬಹುದು ಎಂಬ ಶಂಕೆ ಬಂತು. ಬ್ಯಾಟರಿಯ ಗಂಟೆಯೊಂದು ಊರನ್ನೇ ಸುಡಬಹುದು ಎಂದು ಗೊತ್ತಾದ ಮೇಲೆ ಬಂದದ್ದು, ಕಿಡಿ ಹಾರಿದರೂ ಅನಿಲ ಹೊತ್ತದಷ್ಟು ಕಡಿಮೆ ಶಕ್ತಿಯಲ್ಲೇ ವಿದ್ಯುತ್ ಮಂಡಲವನ್ನು ಕಟ್ಟುವ ವಿಧಾನ. ಇನ್ನೊಂದು ದಾರಿ ಫ್ಲೇಮ್‌ಪ್ರೂಫ್ ಪೆಟ್ಟಿಗೆ. ಒಳಗೆ ಸ್ಫೋಟವಾದರೂ ಜ್ವಾಲೆ ಅಂಚಿನ ಕಿರಿದಾದ ಸಂದಿನಲ್ಲಿ ಹಾಯುವಾಗ ತಣ್ಣಗಾಗಿ ಹೊರಗಿನ ಅನಿಲಕ್ಕೆ ತಗಲುವುದಿಲ್ಲ. ಧನ್‌ಬಾದಿನ ಕೇಂದ್ರೀಯ ಗಣಿಗಾರಿಕೆ ಮತ್ತು ಇಂಧನ ಸಂಶೋಧನಾ ಸಂಸ್ಥೆಯಂಥ ಪ್ರಯೋಗಾಲಯಗಳು ಇವನ್ನು ಪರೀಕ್ಷಿಸುತ್ತವೆ.

ಬಂಟ್ವಾಳದ ತೆರೆದ ಕೋರೆಯಲ್ಲಿ ಮೀಥೇನ್ ಇಲ್ಲ. ಇಲ್ಲಿ ಅಪಾಯ ಇರುವುದು ನೀರಿನಲ್ಲಿ, ದೂಳಿನಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಕಾಲಡಿಯ ನೆಲದಲ್ಲಿ.

ಮುರಕಲ್ಲು ಹುಟ್ಟುವುದೇ ಮಳೆಯಿಂದ. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಮಲಬಾರಿನ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲಕ್ಷಾಂತರ ವರ್ಷಗಳ ಬಿಸಿಲು ಮಳೆಗೆ ಮೂಲಶಿಲೆ ಕೊಳೆತು, ಅದರೊಳಗಿನ ಸೋಡಿಯಂ, ಪೊಟಾಸಿಯಂ, ಕ್ಯಾಲ್ಸಿಯಂ ತೊಳೆದುಹೋಗಿ, ಸಿಲಿಕವೂ ಬಹುಪಾಲು ಹೋಗಿ, ಕೊನೆಗೆ ಉಳಿಯುವುದು ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡುಗಳು. ಕೆಂಪು ಬಣ್ಣ ಬಂದದ್ದು ಕಬ್ಬಿಣದಿಂದ. ಈಗ ವಿದ್ಯುತ್ತಿನ ಕಣ್ಣಿನಿಂದ ನೋಡಿ. ಮಣ್ಣಿನಲ್ಲಿ ಕರೆಂಟನ್ನು ಹೊತ್ತೊಯ್ಯುವುದು ನೀರಿನಲ್ಲಿ ಕರಗಿದ ಲವಣಗಳು. ಅದೇ ಲವಣಗಳನ್ನು ನಮ್ಮ ಮಳೆ ಯುಗಯುಗಗಳಿಂದ ತೊಳೆದು ಸಮುದ್ರಕ್ಕೆ ಒಯ್ದಿದೆ. ಜೊತೆಗೆ ಈ ಕಲ್ಲು ತೂತುತೂತು. ಮಳೆಗಾಲದಲ್ಲಿ ನೀರು ಹೀರಿ ನಿಲ್ಲುತ್ತದೆ, ಬೇಸಗೆಯಲ್ಲಿ ಪೂರ್ತಿ ಒಣಗುತ್ತದೆ. ಏಪ್ರಿಲಿನ ಮುರಕಲ್ಲು ಗುಡ್ಡ ಬಹಳ ಕೆಟ್ಟ ವಿದ್ಯುತ್ ವಾಹಕ.

ಇದರ ಪರಿಣಾಮವನ್ನು ಲೆಕ್ಕ ಹಾಕಬಹುದು. ಕಟ್ಟಿಂಗ್ ಮೆಷಿನ್ನಿನ ಮೋಟಾರಿನೊಳಗೆ ಫೇಸ್ ತಂತಿಯ ಹೊದಿಕೆ ಸವೆದು ಲೋಹದ ಮೈಗೆ ತಾಗಿದೆ ಎನ್ನೋಣ. ಮೈಗೆ ಅರ್ತಿಂಗ್ ಇದೆ, ಆದರೆ ಒಣಗಿದ ಗುಡ್ಡದಲ್ಲಿ ಅರ್ತ್ ಪಿಟ್ಟಿನ ರೋಧ 60 ಓಮ್. 230 ವೋಲ್ಟನ್ನು 60ರಿಂದ ಭಾಗಿಸಿದರೆ ನೆಲಕ್ಕೆ ಹರಿಯುವ ಕರೆಂಟು 4 ಆಂಪಿಯರಿಗೂ ಕಡಿಮೆ. ಆ ಮೋಟಾರಿಗೆ ಹಾಕಿರುವ 32 ಆಂಪಿಯರಿನ ಫ್ಯೂಸು ಇದನ್ನು ಲೆಕ್ಕಕ್ಕೇ ಇಡುವುದಿಲ್ಲ. ಫ್ಯೂಸು ಹೋಗದು, ಮೋಟಾರು ನಿಲ್ಲದು, ಮೆಷಿನ್ನಿನ ಮೈಯೆಲ್ಲ ಕರೆಂಟು. ಬೆವರಿನಲ್ಲಿ ತೊಯ್ದ ಮೈಯ ರೋಧ 1,000 ಓಮಿನ ಆಸುಪಾಸು. ಮೈಯ ಮೂಲಕ 10 ಮಿಲಿಆಂಪಿಯರು ದಾಟಿದರೆ ಹಿಡಿದ ಕೈ ಬಿಡಿಸಿಕೊಳ್ಳಲಾಗದು. ಹೃದಯದ ಬಡಿತ ತಾಳ ತಪ್ಪಲು 50 ಮಿಲಿಆಂಪಿಯರು ಕೆಲವೇ ಸೆಕೆಂಡು ಹರಿದರೂ ಸಾಕಾಗಬಹುದು. 230 ವೋಲ್ಟ್ ಪೂರ್ತಿ ಮೈಗೆ ಸಿಕ್ಕರೆ ಹರಿಯುವುದು 230 ಮಿಲಿಆಂಪಿಯರು.

ವರ್ಷದ ಅತಿ ಅಪಾಯದ ದಿನಗಳು ಜುಲೈನ ಜಡಿಮಳೆಯವಲ್ಲ, ಮೇ ತಿಂಗಳ ಮೊದಲ ಗುಡುಗು ಮಳೆಯವು ಎಂಬುದು ನನ್ನ ಎಣಿಕೆ. ಆಗ ನೆಲದ ಮೇಲ್ಮೈ ಒದ್ದೆ, ಕಾರ್ಮಿಕನ ಕಾಲು ಒದ್ದೆ, ಕೇಬಲಿನ ಜೋಡಣೆಗಳೆಲ್ಲ ಒದ್ದೆ; ಆದರೆ ಅರ್ತ್ ಪಿಟ್ಟಿನ ಆಳಕ್ಕೆ ನೀರು ಇನ್ನೂ ಇಳಿದಿಲ್ಲ. ಪಿಟ್ಟು ಫ್ಯೂಸು ಹೋಗುವಷ್ಟು ಕರೆಂಟನ್ನು ಎಳೆಯದು, ಒದ್ದೆಯಾದ ಮನುಷ್ಯನೂ ಕರೆಂಟಿಗೆ ದಾರಿಯಾಗುತ್ತಾನೆ. ಉಪ್ಪು ಮತ್ತು ಇದ್ದಿಲು ಹಾಕಿದ ಹಳೆಯ ಬಗೆಯ ಪಿಟ್ಟು ಕೂಡ ಇಲ್ಲಿ ಹೆಚ್ಚು ಕಾಲ ನಂಬಿಕೆಗೆ ಉಳಿಯದು, ವರ್ಷಕ್ಕೆ ಸುಮಾರು 4,000 ಮಿ.ಮೀ. ಸುರಿಯುವ ಮಳೆ ಆ ಉಪ್ಪನ್ನೂ ಕಲ್ಲಿನ ತೂತುಗಳಿಂದ ತೊಳೆಯುತ್ತದೆ. ನೀರು ಹಿಡಿದಿಡುವ ಬೆಂಟೊನೈಟ್ ಜೇಡಿ ಮೇಲು. ಪಿಟ್ಟು ಎಷ್ಟು ಚೆನ್ನಾಗಿದ್ದರೂ ಸೋರಿಕೆ ಕಂಡೊಡನೆ ಲೈನು ಕಡಿಯುವ ಸಾಧನ ಬೇಕೇ ಬೇಕು. ಆರ್‌ಸಿಸಿಬಿ ಎನ್ನುವುದು ಹೋದ ಕರೆಂಟು ಮತ್ತು ಮರಳಿದ ಕರೆಂಟನ್ನು ಹೋಲಿಸುತ್ತದೆ. 30 ಮಿಲಿಆಂಪಿಯರಿನಷ್ಟು ವ್ಯತ್ಯಾಸ ಬಂದರೆ ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಲೈನು ಕಡಿಯುತ್ತದೆ. ಫ್ಯೂಸು ತಂತಿಯನ್ನು ಕಾಯುತ್ತದೆ, ಮನುಷ್ಯನನ್ನು ಕಾಯುವುದು ಇದು.

ಇನ್ನು ಹೊಸ ಯಂತ್ರಗಳ ಸಂಗತಿ. ಮೋಟಾರಿನ ವೇಗ ಹೊಂದಿಸಲು ಬಂದಿರುವ ಎಲೆಕ್ಟ್ರಾನಿಕ್ ಡ್ರೈವುಗಳು ಎಸಿಯನ್ನು ಡಿಸಿ ಮಾಡಿ ಮತ್ತೆ ಎಸಿ ಮಾಡುತ್ತವೆ. ಅಲ್ಲಿ ಸೋರಿಕೆಯಾದರೆ ಅದರಲ್ಲಿ ಡಿಸಿಯ ಅಂಶ ಬೆರೆತಿರುತ್ತದೆ. ಸಾಮಾನ್ಯ ಆರ್‌ಸಿಸಿಬಿಯೊಳಗಿನ ಕಬ್ಬಿಣದ ತಿರುಳು ಆ ಡಿಸಿಯಿಂದ ಕಾಂತೀಯವಾಗಿ ತುಂಬಿಹೋಗಿ ನಿಜವಾದ ಅಪಾಯ ಬಂದಾಗ ಕುರುಡಾಗಬಹುದು. ಅದಕ್ಕೆ ಬಿ ಮಾದರಿಯ ಸಾಧನವೇ ಬೇಕು. ಹೊಂಡದ ನೀರೆತ್ತಲು ಸೌರ ಪಂಪ್ ಇಟ್ಟರೆ ಇನ್ನೊಂದು ತೊಡಕು. ನಮ್ಮ ಎಸಿ ಕರೆಂಟು ಸೆಕೆಂಡಿಗೆ 100 ಬಾರಿ ಸೊನ್ನೆಗೆ ಇಳಿಯುವುದರಿಂದ ಸ್ವಿಚ್ಚಿನ ಕಿಡಿ ತಾನಾಗಿ ಆರುತ್ತದೆ; ಸೌರ ಫಲಕದ ಡಿಸಿ ಸೊನ್ನೆ ದಾಟುವುದೇ ಇಲ್ಲ, ಕಿಡಿ ಉರಿಯುತ್ತಲೇ ಇರುತ್ತದೆ. ಲಿಥಿಯಂ ಬ್ಯಾಟರಿಯ ಯಂತ್ರಗಳದು ಬೇರೆಯೇ ರಸಾಯನ, ಬೇರೆಯೇ ಬೆಂಕಿ. ಬಂಡೆ ಸಿಡಿಸುವಲ್ಲಿಯೂ ಬದಲಾವಣೆ ಬಂದಿದೆ: ಮಿಂಚು ಮತ್ತು ದಾರಿ ತಪ್ಪಿದ ಕರೆಂಟಿಗೂ ಸಿಡಿಯಬಲ್ಲ ವಿದ್ಯುತ್ ಡಿಟೊನೇಟರುಗಳಿಗೆ 2025ರ ಏಪ್ರಿಲ್ 1ರಿಂದ ದೇಶದಲ್ಲಿ ನಿಷೇಧವಿದೆ. ಗುಡುಗು ಸಿಡಿಲಿನ ನಮ್ಮ ಜಿಲ್ಲೆಗೆ ಇದು ಒಳ್ಳೆಯ ಸುದ್ದಿ.

ಇಷ್ಟು ಬಗೆಯ ವಿದ್ಯೆಯನ್ನು ಯಾವ ಸರ್ಕಾರಿ ಕಚೇರಿಯೂ ತನ್ನ ಖಾಯಂ ಸಿಬ್ಬಂದಿಯೊಳಗೇ ಇಟ್ಟುಕೊಳ್ಳಲಾರದು. ಅದರಲ್ಲಿ ಅವಮಾನವೇನೂ ಇಲ್ಲ, ಹೊರಗಿನ ತಜ್ಞರನ್ನು ಕರೆದರಾಯಿತು. ಅಮೆರಿಕದಲ್ಲಿ ಗಣಿಯ ವಿದ್ಯುತ್ ಯಂತ್ರಗಳ ಅನುಮೋದನೆಗೆ 1968ರ ಚೌಕಟ್ಟೇ ಆಧಾರವಾಗಿತ್ತು. ಪರಿಣತರ ಸಮಿತಿಗಳು ರೂಪಿಸಿದ ಹೊಸ ಮಾನದಂಡಗಳನ್ನೂ ಒಪ್ಪುವ ನಿಯಮವನ್ನು ಅಲ್ಲಿನ ಗಣಿ ಸುರಕ್ಷತಾ ಆಡಳಿತ ಹೊರಡಿಸಿದ್ದು 2024ರ ಡಿಸೆಂಬರಿನಲ್ಲಿ. ಹೊರಗಿನ ತಜ್ಞರನ್ನು ಗೌರವಧನ ಕೊಟ್ಟು ಕರೆಯುವುದು ದುಂದುವೆಚ್ಚ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹಳೆಯ ಪರೀಕ್ಷೆಯಲ್ಲಿ ಪಾಸಾದ ಹೊಸ ಯಂತ್ರ ಕೊಡುವ ಧೈರ್ಯ ಸುಳ್ಳು ಧೈರ್ಯ, ಅದಕ್ಕೆ ತೆರುವ ಬೆಲೆ ದೊಡ್ಡದು.

ಕರೆಯುವಾಗ ಮಾತ್ರ ಕಟ್ಟುನಿಟ್ಟು ಬೇಕು. ಯಂತ್ರ ತಯಾರಿಸುವ ಕಂಪನಿಯಿಂದ ಹಣ ಪಡೆಯುವವರು ಅದರ ಅನುಮೋದನೆಯ ಮೇಜಿನ ಬಳಿ ಕೂರಬಾರದು. ಯಾರನ್ನು ಕರೆದರು, ಎಷ್ಟು ಕೊಟ್ಟರು, ಅವರು ಏನು ಬರೆದುಕೊಟ್ಟರು ಎನ್ನುವುದು ಸಾರ್ವಜನಿಕರಿಗೆ ಸಿಗಬೇಕು. ಕೊನೆಯ ಸಹಿ ಸರ್ಕಾರದ ಅಧಿಕಾರಿಯದೇ ಇರಬೇಕು, ಹೊಣೆಯನ್ನು ಗುತ್ತಿಗೆಗೆ ಕೊಡಲಾಗದು. ತಜ್ಞರನ್ನು ಹುಡುಕಿ ಬಹಳ ದೂರ ಹೋಗಬೇಕಾಗಿಯೂ ಇಲ್ಲ. ಸುರತ್ಕಲ್ಲಿನ ರಾಷ್ಟ್ರೀಯ ತಾಂತ್ರಿಕ ವಿದ್ಯಾಲಯದಲ್ಲಿ ಗಣಿ ಎಂಜಿನಿಯರಿಂಗ್ ವಿಭಾಗವಿದೆ, ಬೆಂಗಳೂರಿನಲ್ಲಿ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಿದೆ, ಮೂಡುಬಿದಿರೆಯಲ್ಲೇ ಎಂಜಿನಿಯರಿಂಗ್ ಕಾಲೇಜುಗಳಿವೆ. ಕೋರೆಗಳ ಅರ್ತ್ ರೋಧವನ್ನು ತಿಂಗಳು ತಿಂಗಳೂ ಅಳೆದು ಒಂದು ವರ್ಷದ ನಕ್ಷೆ ಮಾಡುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ಪ್ರಾಜೆಕ್ಟ್. ಅಂಥ ಅಂಕಿಗಳು ಕೈಗೆ ಬಂದರೆ ಮುರಕಲ್ಲಿನ ನೆಲಕ್ಕೆ ಬೇರೆ ಷರತ್ತು ಬರೆಯಲು ಧನ್‌ಬಾದಿನವರಿಗೂ ಆಧಾರ ಸಿಗುತ್ತದೆ. ನೀರಿನ ಪರೀಕ್ಷೆಗೂ ಇದೇ ಮಾತು: ಪ್ರಯೋಗಾಲಯದಲ್ಲಿ ದೂಳು, ನೀರು ತಡೆಯುವ ಐಪಿ 55 ದರ್ಜೆಯ ಪೆಟ್ಟಿಗೆಗೆ ಕೊಳವೆಯಿಂದ ನಿಮಿಷಕ್ಕೆ 12.5 ಲೀಟರ್ ನೀರು ಹಾರಿಸುವುದು ಕೆಲವೇ ನಿಮಿಷ. ಇಲ್ಲಿಯ ಮಳೆ ನಾಲ್ಕು ತಿಂಗಳು.

ದೊಡ್ಡ ತೊಡಕು ಸಣ್ಣ ಕೋರೆಗಳದು. 1952ರ ಗಣಿ ಕಾಯ್ದೆ ಮುರಕಲ್ಲು, ಕಟ್ಟಡದ ಕಲ್ಲುಗಳ ತೆರೆದ ಕೋರೆ 6 ಮೀಟರಿಗಿಂತ ಆಳವಿಲ್ಲದೆ, 50ಕ್ಕಿಂತ ಹೆಚ್ಚು ಜನರಿಲ್ಲದೆ, ಸ್ಫೋಟಕ ಬಳಸದೆ ನಡೆದರೆ ಅದನ್ನು ತನ್ನ ಬಹುತೇಕ ನಿಬಂಧನೆಗಳಿಂದ ಹೊರಗಿಟ್ಟಿತು. ಕೈಯಲ್ಲಿ ಕಲ್ಲು ಕಡಿಯುತ್ತಿದ್ದ ಕಾಲಕ್ಕೆ ಅದು ಸರಿಯೇ. ಗರಗಸದ ಮೋಟಾರು ಬಂದ ಮೇಲೆ 6 ಮೀಟರಿನ ಆಳಕ್ಕೂ ಶಾಕಿಗೂ ಏನು ಸಂಬಂಧ? ಇಂಥ ಕೋರೆಗಳಿಗೆ ಧನ್‌ಬಾದಿನ ಮಟ್ಟದ ಕಡತ ಬೇಡ. ಕನ್ನಡದಲ್ಲಿ ಒಂದು ಪುಟದ ಷರತ್ತು ಸಾಕು: ಸೋರಿಕೆ ತಡೆಯುವ ಸಾಧನ, ಗಟ್ಟಿ ಹೊದಿಕೆಯ ಕೇಬಲ್, ಬೇಸಗೆಯಲ್ಲಿ ಅಳೆದ ಅರ್ತ್ ರೋಧ. ಕಲ್ಲು ತೆಗೆಯುವ ಪರ್ಮಿಟ್ಟಿನ ಜೊತೆಗೇ ಇದನ್ನೂ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದ ಮೂಲಕ ನೋಡುವ ವ್ಯವಸ್ಥೆ ಆಗಬೇಕು. ಹೊರ ಜಿಲ್ಲೆ, ಹೊರ ರಾಜ್ಯಗಳಿಂದ ಬಂದು ಇಲ್ಲಿ ಕಲ್ಲು ಕೊಯ್ಯುವವರಿಗೆ ಅವರವರ ಭಾಷೆಯಲ್ಲಿ ಹೇಳುವವರೂ ಬೇಕು.

ನಿಯಮ ಬದಲಾಗುವವರೆಗೆ ಕೋರೆಯ ಧಣಿಗಳಲ್ಲಿ ಒಂದು ಕೋರಿಕೆ. ನಿಮ್ಮ ಅರ್ತ್ ಪಿಟ್ಟನ್ನು ಈ ಸಲ ಏಪ್ರಿಲ್ ಕೊನೆಯಲ್ಲಿ, ಮಳೆ ಬೀಳುವ ಮೊದಲು ಅಳೆಸಿ. ಜುಲೈನ ಅಂಕಿ ನಿಮ್ಮನ್ನು ಮೋಸಗೊಳಿಸುತ್ತದೆ. ಪ್ಯಾನೆಲಿನ ಆರ್‌ಸಿಸಿಬಿಯಲ್ಲಿರುವ ಟೆಸ್ಟ್ ಬಟನ್ನನ್ನು ತಿಂಗಳಿಗೊಮ್ಮೆಯಾದರೂ ಒತ್ತಿ ನೋಡಿ. ಒತ್ತಿದಾಗ ಲೈನು ಕಡಿಯದಿದ್ದರೆ ಆ ಸಾಧನ ಬದಲಾಗುವವರೆಗೆ ಮೆಷಿನ್ ಓಡಿಸಬೇಡಿ.