ಬರಿಗಾಲಿನಿಂದ ಬಂಗಾರದವರೆಗೆ

ಇಂದು ನಮ್ಮ ಮನೆಗಳಲ್ಲಿ ಮಕ್ಕಳು ಕ್ರಿಕೆಟ್ ಆಟಗಾರರ ಹೆಸರುಗಳನ್ನು ನಿರರ್ಗಳವಾಗಿ ಹೇಳಬಲ್ಲರು. ಆದರೆ ಏಷ್ಯಾ ಖಂಡದಲ್ಲಿಯೇ ಅಗ್ರಸ್ಥಾನದಲ್ಲಿದ್ದ ಭಾರತದ ಫುಟ್‌ಬಾಲ್ ತಂಡವೊಂದಿತ್ತೆಂಬುದನ್ನು ಬಲ್ಲವರು ವಿರಳ. ಆ ಸಾಧನೆಯಲ್ಲಿ ನಮ್ಮ ನಾಡಿನವರ ಪಾಲೂ ಇರುವುದರಿಂದ ಅದನ್ನು ಸ್ಮರಿಸುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಸ್ವಾತಂತ್ರ್ಯ ಬಂದು ವರ್ಷ ತುಂಬುವ ಮುನ್ನವೇ, 1948ರ ಜುಲೈ 31ರಂದು, ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮ ತಂಡ ಫ್ರಾನ್ಸ್ ದೇಶವನ್ನು ಎದುರಿಸಿತು. ನಾಯಕರು ನಾಗಾ ಬೆಟ್ಟಗಳ ಟಿ. ಆವೊ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿಯೇ ಆಡಿದರು. ಎರಡು ಪೆನಾಲ್ಟಿ ಅವಕಾಶಗಳು ಕೈತಪ್ಪಿ, ಕೊನೆಯ ಗಳಿಗೆಯಲ್ಲಿ 1-2ರಿಂದ ಸೋಲಾಯಿತು. ಆ ಏಕೈಕ ಗೋಲನ್ನು ಗಳಿಸಿದವರು ಮೈಸೂರು ರಾಜ್ಯದ ಪರವಾಗಿ ಆಡುತ್ತಿದ್ದ ಸಾರಂಗಪಾಣಿ ರಾಮನ್.

1951ರಲ್ಲಿ ದೆಹಲಿಯಲ್ಲಿ ನಡೆದ ಪ್ರಥಮ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನ್ ತಂಡವನ್ನು 1-0ಯಿಂದ ಮಣಿಸಿ ಭಾರತ ಸ್ವರ್ಣಪದಕ ಗಳಿಸಿತು. ಮರುವರ್ಷವೇ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾದ ಎದುರು 1-10ರ ದಾರುಣ ಸೋಲು ಕಾದಿತ್ತು. ಅಲ್ಲಿಯೂ ಮಾನ ಉಳಿಸಿದ ಒಂದು ಗೋಲು ಬೆಂಗಳೂರಿನ ಅಹಮದ್ ಖಾನರದು. ಬರಿಗಾಲಿನ ಕಾಲ ಮುಗಿಯಿತೆಂಬುದನ್ನು ಆ ಸೋಲು ಕಲಿಸಿತು. ಅನಂತರ ಬೂಟು ಕಡ್ಡಾಯವಾಯಿತು. ಸೋಲಿನಿಂದ ಪಾಠ ಕಲಿತ ಫಲ 1956ರ ಮೆಲ್ಬರ್ನ್‌ನಲ್ಲಿ ಕಂಡಿತು. ನೆವಿಲ್ ಡಿಸೋಜ ಅವರ ಮೂರು ಗೋಲುಗಳ ಬಲದಿಂದ ಆತಿಥೇಯ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ, ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೆಯ ಸ್ಥಾನ ಪಡೆಯಿತು. ಆ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯನವರೂ ಇದ್ದರು.

ಈ ಏಳಿಗೆಯ ಹಿಂದಿದ್ದ ಚೇತನ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ವೃತ್ತಿಯಿಂದ ಶಾಲಾ ಶಿಕ್ಷಕರಾಗಿದ್ದ ಅವರು ತಂಡಕ್ಕೂ ಗುರುಗಳಾದರು. 1962ರ ಜಕಾರ್ತ ಕೂಟದ ವೇಳೆಗೆ ಕ್ಯಾನ್ಸರ್ ಅವರ ದೇಹವನ್ನು ಹೊಕ್ಕಿತ್ತು. ಮೊದಲ ಪಂದ್ಯದಲ್ಲಿಯೇ ದಕ್ಷಿಣ ಕೊರಿಯಾ ನಮ್ಮನ್ನು 2-0ಯಿಂದ ಸೋಲಿಸಿತು. ತಲೆಗೆ ಪೆಟ್ಟು ಬಿದ್ದ ರಕ್ಷಣಾ ಆಟಗಾರ ಜರ್ನೈಲ್ ಸಿಂಗರನ್ನು ರಹೀಂ ಅವರು ಮುನ್ಪಡೆಯಲ್ಲಿ ನಿಲ್ಲಿಸಿದರು. ಸೆಪ್ಟೆಂಬರ್ 4ರ ಅಂತಿಮ ಪಂದ್ಯದಲ್ಲಿ ಮತ್ತೆ ಅದೇ ಕೊರಿಯಾ. ಪ್ರೇಕ್ಷಕರು ನಮ್ಮ ತಂಡವನ್ನು ಮೂದಲಿಸುತ್ತಿದ್ದರು. ಆದರೂ ಪಿ.ಕೆ. ಬ್ಯಾನರ್ಜಿ ಮತ್ತು ಅದೇ ಜರ್ನೈಲ್ ಸಿಂಗ್ ಗೋಲು ಹೊಡೆದು 2-1ರ ಜಯ ತಂದರು. ಚುನಿ ಗೋಸ್ವಾಮಿ ನಾಯಕತ್ವದ ಆ ತಂಡದಲ್ಲಿ ನಮ್ಮ ಬೆಂಗಳೂರಿನ ಅರುಮೈನಾಯಗಂ ಇದ್ದರು. ಮರುವರ್ಷದ ಜೂನ್‌ನಲ್ಲಿ ರಹೀಂ ಅವರು ತೀರಿಕೊಂಡರು.

1964ರ ಏಷ್ಯಾ ಕಪ್‌ನಲ್ಲಿ ದ್ವಿತೀಯ ಸ್ಥಾನ, 1970ರ ಬ್ಯಾಂಕಾಕ್‌ನಲ್ಲಿ ಕಂಚು, ಅನಂತರ ಇಳಿಮುಖ. ಅನ್ಯ ದೇಶಗಳು ತರಬೇತಿಯ ಕ್ರಮವನ್ನು ಬದಲಿಸಿಕೊಂಡು ಮುನ್ನಡೆದಾಗ ನಾವು ಹಿಂದುಳಿದೆವು. ಆದರೂ ಪರಂಪರೆ ಪೂರ್ಣ ಬತ್ತಲಿಲ್ಲ. ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ ತೊಂಬತ್ತರ ದಶಕದಲ್ಲಿ ರಾಷ್ಟ್ರತಂಡದ ನಾಯಕರಾದರು. 2013ರಿಂದ ಬೆಂಗಳೂರನ್ನೇ ತಮ್ಮ ಕ್ರೀಡಾಭೂಮಿಯಾಗಿಸಿಕೊಂಡ ಸುನಿಲ್ ಛೇತ್ರಿ ದೇಶಕ್ಕಾಗಿ 90ಕ್ಕೂ ಹೆಚ್ಚು ಗೋಲು ಗಳಿಸಿದರು. 1968-69ರ ಬಳಿಕ ನಮಗೆ ಒಲಿಯದಿದ್ದ ಸಂತೋಷ್ ಟ್ರೋಫಿಯನ್ನು ಕರ್ನಾಟಕ ತಂಡ 2023ರ ಮಾರ್ಚ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಮರಳಿ ತಂದಿತು.

ಹಣಬಲವಿಲ್ಲದೆ, ಕಾಲಿಗೆ ಬೂಟೂ ಇಲ್ಲದೆ ಆರಂಭವಾದ ಪಯಣವಿದು. ಒಬ್ಬ ಶಿಕ್ಷಕ ಬೆನ್ನಿಗೆ ನಿಂತರೆ ಎಳೆಯರು ಎಷ್ಟು ಎತ್ತರಕ್ಕೇರಬಲ್ಲರೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ? ಸಂಜೆಯ ಹೊತ್ತು ಚೆಂಡು ಹಿಡಿದು ಬಯಲಿಗೆ ಹೊರಟ ಮಗುವನ್ನು ತಾಯಿತಂದೆಗಳು ತಡೆಯದಿರಲಿ. ಊರಿನ ಹಿರಿಯರು ಆ ಬಯಲನ್ನು ಉಳಿಸಿಕೊಡಲಿ ಎಂಬುದೇ ನಮ್ಮ ಆಶಯ.