ನೆಲಕ್ಕಿಳಿದ ನಾಗರಹೆಡೆ

ಇಷ್ಟು ದೊಡ್ಡದಾ!

ನನ್ನ ಬಾಯಿಂದ ಹೊರಟ ಮೊದಲ ಮಾತೇ ಅದು. ಮೂವತ್ತು ಅಡಿ ಎತ್ತರದಲ್ಲಿ ಅಂಗೈಯಗಲ ಕಾಣುತ್ತಿದ್ದ ಬೀದಿದೀಪ ಓಹಾಯೊದ ಹಳೇ ಸಾಮಾನಿನ ಸಂತೆಯಲ್ಲಿ ಮುರುಕು ಕುರ್ಚಿಗಳ ನಡುವೆ ಮಲಗಿತ್ತು. ಎತ್ತಲು ಹೋದರೆ ಎರಡೂ ಕೈ ಬೇಕಾಯಿತು. ನೀಳ ಕತ್ತು, ಅಗಲಕ್ಕೆ ಬಿಚ್ಚಿಕೊಂಡ ತಲೆ, ಕೆಳಗೆ ಉಬ್ಬಿದ ಗಾಜು. 1950ರ ದಶಕದ ಕೊನೆಯ ಹೊತ್ತಿಗೆ ರೂಪುಗೊಂಡು ಅಮೆರಿಕದ ಹೆದ್ದಾರಿ, ಗಲ್ಲಿಗಳನ್ನೆಲ್ಲ ಆವರಿಸಿದ ಈ ಆಕಾರಕ್ಕೆ ಇಲ್ಲಿಯವರು ಇಟ್ಟ ಹೆಸರು ಕೋಬ್ರಾ ಹೆಡ್. ನಾಗರಹೆಡೆ! ಕಾಡಿನಲ್ಲೆಲ್ಲೂ ನಾಗರಹಾವು ಇಲ್ಲದ ದೇಶದಲ್ಲಿ ಕಂಬಕಂಬದ ಮೇಲೂ ನಾಗರಹೆಡೆ. ಪಂಚಮಿಗೆ ಹುತ್ತಕ್ಕೆ ಹಾಲೆರೆದು ಬೆಳೆದ ನಾನು ಅದನ್ನು ಅಲ್ಲೇ ಬಿಟ್ಟು ಬರುವುದು ಸಾಧ್ಯವೇ ಇರಲಿಲ್ಲ.

ಗ್ಯಾರೇಜಿನ ನೆಲದ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ, ಕೊಂಡಿ ಸರಿಸಿ, ಗಾಜಿನ ಬಾಗಿಲು ತೆರೆದೆ. ಎಷ್ಟೋ ಬೇಸಿಗೆಗಳ ಪತಂಗಗಳು ಬೂದಿಯಂತೆ ಸುರಿದವು. ಹೊರಗೆ ಹೊಟ್ಟೆಯ ಮೇಲೆ ನೀಲಿ ಚೀಟಿ, ಅದರಲ್ಲಿ 17 ಎಂಬ ಅಂಕಿ. ಸಂಗ್ರಾಹಕರಿಗೆ ಇದು ಜಾತಕ. ನೀಲಿಯೆಂದರೆ ಪಾದರಸದ ದೀಪ, ನಮ್ಮೂರಲ್ಲಿ ಮರ್ಕ್ಯುರಿ ಲೈಟು ಅನ್ನುತ್ತೇವಲ್ಲ, ಅದು. 17 ಎಂದರೆ 175 ವ್ಯಾಟ್. ಚೀಟಿ ಹಳದಿಯಾಗಿದ್ದರೆ ಸೋಡಿಯಂ, ಕೆಂಪಾಗಿದ್ದರೆ ಮೆಟಲ್ ಹ್ಯಾಲೈಡ್. ಏಣಿ ಹತ್ತದೆ, ನೆಲದ ಮೇಲೆ ನಿಂತೇ ಯಾವ ಬಲ್ಬು ಒಯ್ಯಬೇಕೆಂದು ಲೈನ್‌ಮನ್ನಿಗೆ ಗೊತ್ತಾಗಲಿ ಎಂದು ಮಾಡಿದ ಏರ್ಪಾಡು. ಇಷ್ಟು ವರ್ಷ ತಲೆಯ ಮೇಲೆ ಅಂಟಿಕೊಂಡಿದ್ದ ಈ ಲಿಪಿಯನ್ನು ನಾನು ಒಮ್ಮೆಯೂ ಕತ್ತೆತ್ತಿ ಓದಿರಲಿಲ್ಲ!

ಗಾಜನ್ನು ತೊಳೆದು ಬೆರಳಾಡಿಸಿದೆ. ನುಣುಪಿಲ್ಲ, ಮೈತುಂಬ ಗೀರುಗೀರಾದ ಏಣುಗಳು. ಅಂದಕ್ಕೆ ಕೊರೆದ ಗೆರೆಗಳೆಂದುಕೊಂಡಿದ್ದೆ. ಅಲ್ಲ, ಒಂದೊಂದೂ ಪ್ರಿಸಂ. ಬರೀ ಬಲ್ಬು ನೇತುಹಾಕಿದರೆ ಬೆಳಕು ಕಂಬದ ಬುಡದಲ್ಲೇ ಬಿದ್ದುಬಿಡುತ್ತದೆ. ಈ ಏಣುಗಳು ಅದನ್ನು ಬಾಗಿಸಿ ರಸ್ತೆಯ ಉದ್ದಕ್ಕೆ, ಎಡಕ್ಕೂ ಬಲಕ್ಕೂ ಚೆಲ್ಲುತ್ತವೆ. ಒಂದು ಕಂಬದ ಬೆಳಕಿನ ಅಂಚು ಮುಂದಿನ ಕಂಬದ ಬೆಳಕಿಗೆ ತಾಗಬೇಕು, ಹಿಂದಿನ ಮನೆಯ ಮಲಗುವ ಕೋಣೆಗೆ ನುಗ್ಗಬಾರದು. ಅಷ್ಟೂ ಲೆಕ್ಕ ಆ ಗಾಜಿನ ಮೈಯಲ್ಲೇ ಇದೆ. ಇದರ ಬೇರು ಫ್ರೆಂಚ್ ವಿಜ್ಞಾನಿ ಆಂದ್ರೆ ಬ್ಲೊಂದೆಲ್ ಮತ್ತು ಗ್ರೀಸ್‌ನ ಸ್ಪಿರಿಡಿಯಾನ್ ಪ್ಸರೌಡಾಕಿ 1890ರ ದಶಕದಲ್ಲಿ ರೂಪಿಸಿದ ಹಾಲೊಫೇನ್ ಗಾಜಿನಲ್ಲಿದೆ.

ಆದರೆ ನನ್ನ ನಿದ್ದೆ ಕೆಡಿಸಿದ್ದು ಇದಲ್ಲ, ಕಾಸಿನಗಲದ ಒಂದು ಬಿಲ್ಲೆ.

ಹಳೆಯ ದೀಪಗಳನ್ನು ಕೂಡಿಡುವವರೊಬ್ಬರ ಶೆಡ್ಡಿನಲ್ಲಿ ಅದನ್ನು ಕಂಡೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ಎಷ್ಟೋ ಊರುಗಳ ಬೀದಿದೀಪಗಳು ಒಂದೇ ತಂತಿಯಲ್ಲಿ ಹೂಮಾಲೆಯಂತೆ ಪೋಣಿಸಿಕೊಂಡಿದ್ದವು. ಸೀರೀಸ್ ಸರ್ಕ್ಯೂಟ್. ಸಾವಿರಾರು ವೋಲ್ಟಿನ ಆ ಮಾಲೆಯಲ್ಲಿ ಕರೆಂಟು ಮಾತ್ರ ಸದಾ ಒಂದೇ, ಹೆಚ್ಚಾಗಿ 6.6 ಆಂಪಿಯರ್. ಹಾಗಾದರೆ ಒಂದು ಬಲ್ಬಿನ ಎಳೆ ಕಡಿದರೆ? ದೀಪಾವಳಿಯ ಹಳೆಯ ಸೀರಿಯಲ್ ಸೆಟ್ಟಿನ ಗತಿ ನಮಗೆ ಗೊತ್ತೇ ಇದೆ, ಇಡೀ ಸಾಲು ಕತ್ತಲು. ಊರೇ ಕತ್ತಲಾಗಬೇಕಿತ್ತಲ್ಲ! ಆಗಲಿಲ್ಲ. ಹೋಲ್ಡರಿನ ಎರಡು ಲೋಹದ ಪಟ್ಟಿಗಳ ನಡುವೆ ಕರೆಂಟು ಹರಿಯಗೊಡದ ತೆಳು ಪೊರೆಯ ಒಂದು ಬಿಲ್ಲೆ ಸಿಕ್ಕಿಸಿರುತ್ತಿದ್ದರು. ಬಲ್ಬು ಚೆನ್ನಾಗಿರುವ ತನಕ ಪೊರೆಗೆ ಕೆಲಸವಿಲ್ಲ. ಎಳೆ ಕಡಿದ ಕ್ಷಣ ಮಾಲೆಯ ವೋಲ್ಟೇಜೆಲ್ಲ ಅದೊಂದರ ಮೇಲೇ ಬೀಳುತ್ತದೆ. ಪೊರೆ ತೂತಾಗುತ್ತದೆ, ಪಟ್ಟಿಗಳೆರಡೂ ಬೆಸೆದುಕೊಳ್ಳುತ್ತವೆ, ಕರೆಂಟು ಸತ್ತ ಬಲ್ಬನ್ನು ದಾಟಿ ಮುಂದೆ ಹರಿಯುತ್ತದೆ. ಒಂದು ದೀಪ ಆರಿತು, ಉಳಿದವು ಉರಿದವು. ಬಲ್ಬು ಬದಲಿಸಲು ಬಂದವನು ಹೊಸ ಬಿಲ್ಲೆಯೊಂದನ್ನು ಸಿಕ್ಕಿಸಿ ಹೋಗುತ್ತಿದ್ದ. ತೂತು ಬಿದ್ದ ಆ ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಸೂಜಿಮೊನೆಯಷ್ಟು ಕರಿ ಚುಕ್ಕೆ. ಯಾವ ಊರು, ಯಾವ ರಾತ್ರಿಯೋ!

ಆಮೇಲೆ ಬೀದಿದೀಪಗಳ ಹಳೆಯ ಕಥೆ ಹುಡುಕುವ ಹುಚ್ಚು ಹಿಡಿಯಿತು. ನಾನಿರುವ ರಾಜ್ಯದ ಕ್ಲೀವ್‌ಲ್ಯಾಂಡಿನಲ್ಲೇ 1879ರ ಏಪ್ರಿಲ್ 29ರ ರಾತ್ರಿ ಸಂಶೋಧಕ ಚಾರ್ಲ್ಸ್ ಬ್ರಷ್ ಪಬ್ಲಿಕ್ ಸ್ಕ್ವೇರ್‌ನಲ್ಲಿ ಹನ್ನೆರಡು ಆರ್ಕ್ ದೀಪ ಹೊತ್ತಿಸಿದ್ದು. ಮರುವರ್ಷ ಇಂಡಿಯಾನಾದ ವಾಬಾಶ್ ಎಂಬ ಪುಟ್ಟ ಊರು ನ್ಯಾಯಾಲಯದ ಗೋಪುರಕ್ಕೆ ಬರೀ ನಾಲ್ಕು ಬ್ರಷ್ ದೀಪ ಕಟ್ಟಿ ಊರಿಗೆ ಊರನ್ನೇ ಬೆಳಗಿಸಿತು. ಟೆಕ್ಸಸ್‌ನ ಆಸ್ಟಿನ್ 1894-95ರಲ್ಲಿ 165 ಅಡಿಯ ಮೂವತ್ತೊಂದು ಗೋಪುರ ನಿಲ್ಲಿಸಿ, ತುದಿಯಲ್ಲಿ ಆರಾರು ದೀಪ ಇಟ್ಟು, ಅವನ್ನು ಬೆಳದಿಂಗಳ ಗೋಪುರ ಎಂದು ಕರೆಯಿತು. ಅವುಗಳಲ್ಲಿ ಹಲವು ಇಂದಿಗೂ ನಿಂತಿವೆ, ಇಂದಿಗೂ ಉರಿಯುತ್ತವೆ! ನಮ್ಮ ಶಿವನಸಮುದ್ರಕ್ಕೆ ವಿದ್ಯುತ್ ಯಂತ್ರಗಳು ಬಂದದ್ದೂ ಬೀದಿದೀಪಗಳನ್ನು ಮಾಡುತ್ತಿದ್ದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿದ ಆ ಕರೆಂಟು 1905ರಲ್ಲಿ ಬೆಂಗಳೂರಿನ ಬೀದಿಗಿಳಿಯಿತು. ಎಲ್ಲಿಯ ಓಹಾಯೊ, ಎಲ್ಲಿಯ ಸಿಟಿ ಮಾರ್ಕೆಟ್!

ಲಾಸ್ ಏಂಜಲೀಸ್‌ನಲ್ಲಿ ಕಲಾವಿದ ಕ್ರಿಸ್ ಬರ್ಡನ್ 2000ದಲ್ಲಿ ನನ್ನ ಹಾಗೆ ಸಂತೆಯಲ್ಲೇ ಮೊದಲ ದೀಪಗಳನ್ನು ಕೊಂಡವರು. ಅಲ್ಲಿಂದ ಕೂಡಿಸುತ್ತಾ ಹೋಗಿ 2008ರಲ್ಲಿ ಕಲಾ ವಸ್ತುಸಂಗ್ರಹಾಲಯದ ಮುಂದೆ ಎರಕದ ಕಬ್ಬಿಣದ 202 ದೀಪಕಂಬಗಳನ್ನು ಸಾಲುಸಾಲಾಗಿ ನಿಲ್ಲಿಸಿದರು. ಆ ಕಂಬಗಳ ನಡುವೆ ನಡೆದಾಗ ನಮ್ಮ ಸಾವಿರ ಕಂಬದ ಬಸದಿಯೇ ನೆನಪಾಯಿತು. ಅದೇ ನಗರ 2009ರಿಂದ ಲಕ್ಷಕ್ಕೂ ಮಿಕ್ಕಿ ದೀಪಗಳನ್ನು ಎಲ್‌ಇಡಿಗೆ ಬದಲಿಸಿತು. ಪಾದರಸ ದೀಪದ ಚೋಕ್‌ಗಳನ್ನು ಅಮೆರಿಕದಲ್ಲಿ ತಯಾರಿಸುವಂತಿಲ್ಲ ಎಂಬ ಕಾನೂನು 2008ಕ್ಕೇ ಜಾರಿಯಾಯಿತು. ವಿದ್ಯುತ್ ಉಳಿಯಿತು, ಸರಿಯೇ. ಆದರೆ ಇಳಿಸಿದವೆಲ್ಲ ಗುಜರಿಗೆ ಹೋಗುತ್ತವೆ, ಅಲ್ಯೂಮಿನಿಯಂ ತೂಕಕ್ಕೆ. ನನಗೆ ಸಂಕಟವಾಗುವುದು ಅಲ್ಲಿ.

ನನ್ನ ನಾಗರಹೆಡೆಯ ಕೆಪಾಸಿಟರಿನ ಮೇಲೆ ‘ಪಿಸಿಬಿ ಇಲ್ಲ’ ಎಂಬ ಬರಹವಿತ್ತು. ನೆಮ್ಮದಿ! ಪಿಸಿಬಿ ಎಂಬ ವಿಷದೆಣ್ಣೆಯನ್ನು 1979ರಲ್ಲಿ ನಿಷೇಧಿಸಿದರು. ಅದಕ್ಕಿಂತ ಹಳೆಯವು ಜಿನುಗುತ್ತಿದ್ದರೆ ಬರಿಗೈಯಲ್ಲಿ ಮುಟ್ಟಬಾರದು. ವೈರು ಬದಲಿಸಿ, ಹೊಸ ಬಲ್ಬು ಹಾಕಿ, ಗೊತ್ತಿರುವ ಎಲೆಕ್ಟ್ರಿಷಿಯನ್‌ಗೆ ತೋರಿಸಿದೆ.

ನೆತ್ತಿಯ ಮೇಲೆ ಒಂದು ಗುಬಟು ಇದೆ, ದೀಪದ ಕಣ್ಣು. ಬೆಳಕು ಬಿದ್ದರೆ ಒಳಗಿನ ರಿಲೇ ತೆರೆದುಕೊಂಡು ದೀಪ ಆರುತ್ತದೆ. ಕತ್ತಲಾದರೆ ಮುಚ್ಚಿಕೊಂಡು ಹೊತ್ತುತ್ತದೆ. ಬಿಸಿಲು ನೇರ ಹೊಡೆಯದಿರಲೆಂದು ಅದರ ಕಿಟಕಿಯನ್ನು ಉತ್ತರಕ್ಕೆ ತಿರುಗಿಸುತ್ತಾರೆ. ಕಣ್ಣು ಕೆಟ್ಟರೂ ದಾರಿಹೋಕರಿಗೆ ಕತ್ತಲಾಗಬಾರದೆಂದು, ಕೆಟ್ಟಾಗ ಹಗಲುರಾತ್ರಿ ಉರಿಯುತ್ತಲೇ ಇರುವ ಹಾಗೆ ಮಾಡಿಟ್ಟಿದ್ದಾರೆ. ಹಗಲಲ್ಲಿ ಉರಿವ ಬೀದಿದೀಪ ಕಂಡಾಗಲೆಲ್ಲ ನಗರಸಭೆಯನ್ನು ಬೈದುಕೊಂಡಿದ್ದೆನಲ್ಲ ನಾನು!

ನಡುಮಧ್ಯಾಹ್ನ ಗ್ಯಾರೇಜಿನ ಬಾಗಿಲು ತೆರೆದಿಟ್ಟು ಸ್ವಿಚ್ ಹಾಕಿದೆ. ಆ ಕಣ್ಣನ್ನು ಅಂಗೈಯಿಂದ ಮುಚ್ಚಿ ಹಿಡಿದೆ. ಟಕ್ ಎಂದಿತು. ಚೋಕ್ ಗುಂಯ್‌ಗುಟ್ಟಿತು. ಬಲ್ಬಿನೊಳಗೆ ನೇರಳೆಯ ಸಣ್ಣ ಕಿಡಿ, ನಿಮಿಷ ಕಳೆದಂತೆ ನೀಲಿ, ಆಮೇಲೆ ಎಳೆ ಹಸಿರು. ಗಾಜಿನ ಏಣುಗಳೆಲ್ಲ ಒಂದೊಂದಾಗಿ ಹೊತ್ತಿಕೊಂಡವು. ಕೈ ನೋಯುತ್ತಿತ್ತು. ತೆಗೆಯಲು ಮನಸ್ಸಾಗಲಿಲ್ಲ.